ಹಿಮಾಲಯದ ಛಾಯಾಗ್ರಾಹಕ ಸ್ಯಾಮ್ಯುಅಲ್ ಬೋರ್ನ್

ನಮ್ಮ ಶಾಲೆಯ ಮುಖ್ಯೋಪಾಧ್ಯಾಯರ ಕೊಠಡಿಯ ಹೊರಗೋಡೆಯ ಮೇಲೆ ಸಾಲಾಗಿ ತೂಗುಹಾಕಿರುವ ಗುಂಪುಚಿತ್ರಗಳನ್ನು ನೀವೆಲ್ಲರೂ ನೋಡಿದ್ದೀರಿ. ಅವುಗಳಲ್ಲಿ ತೀರ ಹಳೆಯವುಗಳ ಮುಂದೆ ಒಂದು ಕ್ಷಣ ನಿಂತು ನೋಡಿದರೆ, ಎಷ್ಟೋ ವರ್ಷಗಳ ಹಿಂದಿನ ಬಾಲಕರ ಅಂಗಿಯ ಗುಂಡಿಗಳನ್ನು ಕೂಡ ಎಣಿಸಬಹುದೆಂಬುದು ಗೊತ್ತಾಗುತ್ತದೆ. ನಾವು ಬಾಲಕರಾಗಿದ್ದಾಗ ಇಂಥ ಚಿತ್ರ ತೆಗೆಯುವ ದಿನವೆಂದರೆ ಒಂದು ಹಬ್ಬವೇ ಸರಿ. ಛಾಯಾಗ್ರಾಹಕರು ಬರುವ ಮೊದಲು ಅವರ ಪೆಟ್ಟಿಗೆಗಳು ಬರುತ್ತಿದ್ದವು. ಹಳೆಯ ಕಂಬಳಿಯಲ್ಲಿ ಸುತ್ತಿದ ಮರದ ಕ್ಯಾಮರಾ, ಮೂರು ಕಾಲಿನ ನಿಲುವು, ಕರಿಯ ಬಟ್ಟೆ, ಫಲಕಗಳ ಚೀಲ, ಇವುಗಳನ್ನು ಹೊತ್ತುಕೊಂಡು ಒಬ್ಬ ಹುಡುಗನು ಅವರ ಹಿಂದೆ ಬರುತ್ತಿದ್ದನು. ಚಿತ್ರದಲ್ಲಿ ಆ ಹುಡುಗನು ಎಂದೂ ಇರುತ್ತಿರಲಿಲ್ಲ. ಇಂದು ಜೇಬಿನೊಳಗಿನ ದೂರವಾಣಿಯಲ್ಲಿಯೇ ಕ್ಯಾಮರಾ ಇರುವುದರಿಂದ ಅದನ್ನು ಹೊರುವ ಮಾತೇ ನಿಮಗೆ ವಿಚಿತ್ರವಾಗಿ ತೋರೀತು. ಆದರೆ ಚಿತ್ರ ತೆಗೆಯುವುದೆಂದರೆ ಮೊಟ್ಟಮೊದಲು ಹೊರುವುದೆಂದೇ ಅರ್ಥವಾಗಿದ್ದ ಒಂದು ಕಾಲವಿತ್ತು. ಆ ಕಾಲದಲ್ಲಿ ಹಿಮಾಲಯವನ್ನು ಹತ್ತಿ ಚಿತ್ರಗಳನ್ನು ತಂದ ಸ್ಯಾಮ್ಯುಅಲ್ ಬೋರ್ನ್ ಎಂಬಾತನ ಜೀವನವನ್ನು ಈ ಸಂಚಿಕೆಯಲ್ಲಿ ನಿಮಗೆ ಹೇಳಬೇಕೆಂದು ನಾವು ಬಗೆದಿದ್ದೇವೆ.

ಬೋರ್ನನು 1834ನೆಯ ಇಸವಿಯ ಅಕ್ಟೋಬರ್ ತಿಂಗಳಿನಲ್ಲಿ ಇಂಗ್ಲೆಂಡಿನ ಶ್ರಾಪ್‌ಷೈರ್ ಪ್ರಾಂತದ ಗಡಿಯಲ್ಲಿರುವ ಒಂದು ಹಳ್ಳಿಗಾಡಿನಲ್ಲಿ ಹುಟ್ಟಿದನು. ಇಪ್ಪತ್ತರ ಹರೆಯದಲ್ಲಿ ನಾಟಿಂಗ್‌ಹ್ಯಾಮ್ ನಗರದ ಒಂದು ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದನು. ಹಗಲೆಲ್ಲ ಲೆಕ್ಕದ ಪುಸ್ತಕ. ಬಿಡುವು ದೊರೆತಾಗ ಕ್ಯಾಮರಾ. ಛಾಯಾಗ್ರಹಣವೆಂಬ ವಿದ್ಯೆ ಲೋಕಕ್ಕೆ ತಿಳಿದು ಆಗಿನ್ನೂ ಇಪ್ಪತ್ತು ವರ್ಷಗಳಾಗುತ್ತ ಬಂದಿದ್ದವು. 1839ರಲ್ಲಿ ಅದು ಪ್ರಕಟವಾದುದು. ಹೀಗಾಗಿ ಇದನ್ನು ಕಲಿಯುವವನು ಅರ್ಧ ರಸಾಯನಶಾಸ್ತ್ರಿಯೂ ಅರ್ಧ ಬಡಗಿಯೂ ಆಗಬೇಕಾಗಿತ್ತು. ಬೋರ್ನನು ಇಂಗ್ಲೆಂಡಿನ ಸರೋವರ ಪ್ರಾಂತದಲ್ಲಿ ನಡೆದಾಡಿ ನೀರು, ಮರ, ಗುಡ್ಡಗಳ ಚಿತ್ರಗಳನ್ನು ತೆಗೆದನು. 1862ರಲ್ಲಿ ಲಂಡನ್ನಿನಲ್ಲಿ ನಡೆದ ಅಂತರರಾಷ್ಟ್ರೀಯ ಪ್ರದರ್ಶನದಲ್ಲಿ ಅವನ ಚಿತ್ರಗಳೂ ಇದ್ದವು. ಅನಂತರ ಅವನು ಬ್ಯಾಂಕಿನ ಕೆಲಸವನ್ನು ಬಿಟ್ಟು, ಹಡಗು ಹತ್ತಿ, 1863ರ ಆರಂಭದಲ್ಲಿ ಕಲಕತ್ತೆಯಲ್ಲಿ ಇಳಿದನು. ನಿಶ್ಚಿತವಾದ ಸಂಬಳವನ್ನು ಬಿಟ್ಟು, ಕಾಣದ ದೇಶದಲ್ಲಿ ಚಿತ್ರ ಮಾರಿ ಬದುಕುತ್ತೇನೆಂದು ಹೊರಟ ಇಪ್ಪತ್ತೆಂಟು ವರ್ಷದ ಗುಮಾಸ್ತನಿಗೆ ಅವನ ಮೇಲಧಿಕಾರಿಗಳು ಏನು ಬುದ್ಧಿ ಹೇಳಿದ್ದಾರು ಎಂಬುದನ್ನು ನೀವೇ ಊಹಿಸಿಕೊಳ್ಳಿರಿ.

ಕಲಕತ್ತೆಯಿಂದ ಅವನು ಕಾಶಿ, ಆಗ್ರಾ, ದಿಲ್ಲಿಗಳ ಮಾರ್ಗವಾಗಿ ಶಿಮ್ಲಾ ನಗರಕ್ಕೆ ಹೋದನು. ಕಾಲ್ಕಾದಿಂದ ಶಿಮ್ಲಾಕ್ಕೆ ರೈಲು ಬಂದುದು 1903ರಲ್ಲಿ. ಬೋರ್ನನ ಕಾಲಕ್ಕೆ ಅಲ್ಲಿ ಬೆಟ್ಟದ ದಾರಿಯೊಂದೇ ಗತಿ. ಶಿಮ್ಲಾದಲ್ಲಿ ವಿಲಿಯಂ ಹೋವರ್ಡ್ ಎಂಬ ಛಾಯಾಗ್ರಾಹಕನೊಡನೆ ಪಾಲುಗಾರಿಕೆ ಮಾಡಿಕೊಂಡನು. ಸ್ವಲ್ಪ ಕಾಲದಲ್ಲಿಯೇ ಚಾರ್ಲ್ಸ್ ಷೆಪರ್ಡ್ ಎಂಬವನೂ ಬಂದು ಸೇರಿದನು. ಹೋವರ್ಡನು ಹೊರಟುಹೋದ ಮೇಲೆ ಉಳಿದ ಇಬ್ಬರ ಹೆಸರಿನಿಂದ ಬೋರ್ನ್ ಅಂಡ್ ಷೆಪರ್ಡ್ ಎಂಬ ಸಂಸ್ಥೆ ಪ್ರಸಿದ್ಧವಾಯಿತು. ಚಿತ್ರ ತೆಗೆಯಲು ಅಲೆಯುವವನು ಬೋರ್ನ್. ಅವುಗಳನ್ನು ಕಾಗದದ ಮೇಲೆ ಅಚ್ಚಿಳಿಸುವುದರಲ್ಲಿ ನಿಪುಣನು ಷೆಪರ್ಡ್. 1864ರಿಂದ ಶಿಮ್ಲಾ ನಗರವು ಬ್ರಿಟಿಷ್ ಸರಕಾರದ ಬೇಸಿಗೆಯ ರಾಜಧಾನಿಯಾಯಿತು. ಹೀಗಾಗಿ ಅಂಗಡಿಗೆ ಗಿರಾಕಿಗಳ ಕೊರತೆ ಬೀಳಲಿಲ್ಲ. ಊರಿಗೆ ಹೋಗುವ ಪ್ರತಿಯೊಬ್ಬ ಅಧಿಕಾರಿಗೂ ಹಿಂದುಸ್ಥಾನದ ಚಿತ್ರಗಳ ಒಂದು ಸಂಪುಟ ಬೇಕಾಗಿತ್ತು.

ಇನ್ನು ನಮ್ಮ ಕಥೆಯ ಮುಖ್ಯ ವಸ್ತುವಾದ ಪೆಟ್ಟಿಗೆಗಳ ಕಡೆಗೆ ಬರೋಣ. ಬೋರ್ನನ ದೊಡ್ಡ ಕ್ಯಾಮರಾದಲ್ಲಿ ಕೂಡಿಸುತ್ತಿದ್ದ ಗಾಜಿನ ಫಲಕವು 12 ಅಂಗುಲ ಉದ್ದ, 10 ಅಂಗುಲ ಅಗಲವಾಗಿತ್ತು. ನಿಮ್ಮ ಪಾಟಿಗಿಂತಲೂ ದೊಡ್ಡದು. ಇಷ್ಟು ದೊಡ್ಡ ಗಾಜು ಏತಕ್ಕೆ ಎಂದು ಕೇಳಬಹುದು. ಚಿಕ್ಕ ಚಿತ್ರವನ್ನು ತೆಗೆದು ಅನಂತರ ಹಿಗ್ಗಿಸುವ ಅನುಕೂಲ ಆಗ ಇರಲಿಲ್ಲವೆಂದೇ ಹೇಳಬೇಕು. ಮೊಟ್ಟೆಯ ಬಿಳಿಯ ಲೋಳೆಯನ್ನು ಸವರಿ ಸಿದ್ಧಪಡಿಸಿದ ಕಾಗದವನ್ನು ಗಾಜಿನ ನೆಗೆಟಿವಿಗೆ ಅಂಟಿದಂತೆ ಒತ್ತಿಟ್ಟು ಬಿಸಿಲಿಗೆ ಇಡುತ್ತಿದ್ದರು. ಗಾಜಿನ ಮೇಲೆ ಎಷ್ಟು ದೊಡ್ಡ ಚಿತ್ರವಿತ್ತೋ ಅಷ್ಟೇ ದೊಡ್ಡದು ಕಾಗದದ ಮೇಲೆ ಮೂಡುತ್ತಿತ್ತು. ದೊಡ್ಡ ಚಿತ್ರ ಬೇಕೆಂದರೆ ದೊಡ್ಡ ಗಾಜು, ದೊಡ್ಡ ಗಾಜಿಗೆ ದೊಡ್ಡ ಕ್ಯಾಮರಾ, ದೊಡ್ಡ ಕ್ಯಾಮರಾಕ್ಕೆ ಗಟ್ಟಿಯಾದ ನಿಲುವು, ಇವೆಲ್ಲಕ್ಕೂ ಪೆಟ್ಟಿಗೆಗಳು, ಪೆಟ್ಟಿಗೆಗಳಿಗೆ ಬೆನ್ನುಗಳು.

ಇಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಆ ಕಾಲದ ಪದ್ಧತಿಯನ್ನು ಹಸಿಫಲಕದ ಪದ್ಧತಿಯೆಂದು ಕರೆಯುತ್ತಾರೆ. ಸಿಡಿಹತ್ತಿಯನ್ನು ಈಥರ್ ಮತ್ತು ಮದ್ಯಸಾರಗಳಲ್ಲಿ ಕರಗಿಸಿದರೆ ಕೊಲೋಡಿಯನ್ ಎಂಬ ಅಂಟುದ್ರವವಾಗುತ್ತದೆ. ಅದಕ್ಕೆ ಅಯೋಡಿನ್ನಿನ ಲವಣವನ್ನು ಸೇರಿಸಿ, ಶುಭ್ರವಾಗಿ ಒರೆಸಿದ ಗಾಜಿನ ಮೇಲೆ ಸುರಿದು, ನಾಲ್ಕೂ ಮೂಲೆಗಳಿಗೆ ಹರಿಯುವಂತೆ ಓಲಾಡಿಸಬೇಕು. ಅದು ಗಟ್ಟಿಯಾಗುತ್ತಿರುವಾಗಲೇ ಕತ್ತಲೆಯಲ್ಲಿ ಬೆಳ್ಳಿಯ ನೈಟ್ರೇಟಿನ ದ್ರಾವಣದಲ್ಲಿ ಕೆಲವು ನಿಮಿಷ ಮುಳುಗಿಸಬೇಕು. ನೀರು ತೊಟ್ಟಿಕ್ಕುತ್ತಿರುವ ಆ ಫಲಕವನ್ನೇ ಬೆಳಕು ತಾಕದ ಚೌಕಟ್ಟಿನೊಳಗಿಟ್ಟು ಓಡಿಹೋಗಿ ಕ್ಯಾಮರಾದಲ್ಲಿ ಸೇರಿಸಿ, ಮಸೂರದ ಮುಚ್ಚಳ ತೆಗೆದು, ಸೆಕೆಂಡುಗಳನ್ನೆಣಿಸಿ, ಮುಚ್ಚಿ, ಮತ್ತೆ ಕತ್ತಲೆಗೆ ಓಡಿಬಂದು, ಕಬ್ಬಿಣದ ಸಲ್ಫೇಟಿನ ದ್ರಾವಣವನ್ನು ಒಂದೇ ಅಲೆಯಾಗಿ ಎರಚಬೇಕು. ಅನಂತರ ತೊಳೆಯಬೇಕು, ಚಿತ್ರ ನಿಲ್ಲುವಂತೆ ಮಾಡಬೇಕು, ಮತ್ತೆ ತೊಳೆಯಬೇಕು, ಒಣಗಿಸಿ ವಾರ್ನಿಷ್ ಕೊಡಬೇಕು. ಗಾಜು ಒಣಗಿತೆಂದರೆ ಬೆಳಕು ಅದಕ್ಕೆ ತಾಕುವುದಿಲ್ಲ. ಆದುದರಿಂದ ಹಚ್ಚುವುದರಿಂದ ಹಿಡಿದು ಎರಚುವ ತನಕ ಕೆಲಸವೆಲ್ಲ ಹತ್ತು ಹದಿನೈದು ನಿಮಿಷಗಳಲ್ಲಿ ಮುಗಿಯಬೇಕು. ಮನೆಯಲ್ಲಿ ಚಿತ್ರ ತೊಳೆಯೋಣವೆಂದು ಗಾಜನ್ನು ಹೊತ್ತು ತರುವಂತಿಲ್ಲ. ಮನೆಯನ್ನೇ ಬೆಟ್ಟಕ್ಕೆ ಹೊತ್ತುಕೊಂಡು ಹೋಗಬೇಕು.

ಬೋರ್ನನು ಮಾಡಿದುದು ಅದನ್ನೇ. ಅವನ ಕತ್ತಲೆಯ ಕೋಣೆಯೆಂದರೆ ಒಂದು ಗುಡಾರ. ಅದು 10 ಅಡಿ ಎತ್ತರ, ಬುಡದಲ್ಲಿ 10 ಅಡಿ ಚಚ್ಚೌಕ. ಕೊಡೆಯಂತೆ ತೆರೆದು ಮಡಿಸಬಹುದಾದಂಥದು. ಇದಲ್ಲದೆ ಕ್ಯಾಮರಾದ ಪೆಟ್ಟಿಗೆ, ಮಸೂರಗಳ ಪೆಟ್ಟಿಗೆ, ಬೆಳ್ಳಿಯ ದ್ರಾವಣದ ಗಾಜಿನ ತೊಟ್ಟಿಗಳು, ಈಥರಿನ ಸೀಸೆಗಳು, ಆಮ್ಲದ ಸೀಸೆಗಳು ಇದ್ದವು. ಫಲಕಗಳಂತೂ ದೊಡ್ಡವು ಸುಮಾರು 250, ಚಿಕ್ಕವು ಸುಮಾರು 400. ಗಣಿತದಲ್ಲಿ ಆಸಕ್ತಿಯುಳ್ಳವರು ಈಗ ಒಂದು ಲೆಕ್ಕ ಮಾಡಬಹುದು. ಗಾಜು ಎರಡು ಮಿಲಿಮೀಟರು ದಪ್ಪವೆಂದು ಹಿಡಿದರೆ 12 ಅಂಗುಲಕ್ಕೆ 10 ಅಂಗುಲದ ಒಂದು ಫಲಕ ನಾನೂರು ಗ್ರಾಮಿಗೆ ತುಸು ಕಡಮೆ ತೂಗುತ್ತದೆ. ದೊಡ್ಡ ಫಲಕಗಳೇ ಒಂದು ನೂರು ಕಿಲೋಗ್ರಾಮಿನ ಸಮೀಪ ಬರುತ್ತವೆ. ಚಿಕ್ಕವನ್ನೂ ಕೂಡಿಸಿದರೆ ನೂರನಾಲ್ವತ್ತು. ಇದು ಬರಿಯ ಗಾಜು. ಪೆಟ್ಟಿಗೆಯ ಮರ ಬೇರೆ, ಕ್ಯಾಮರಾ ಬೇರೆ, ದ್ರಾವಣಗಳು ಬೇರೆ, ಗುಡಾರ ಬೇರೆ.

ಇವುಗಳನ್ನು ಪೆಟ್ಟಿಗೆಗಳಲ್ಲಿ ಅಳವಡಿಸುವುದೇ ಒಂದು ವಿದ್ಯೆಯಾಗಿತ್ತು. ಗಾಜುಗಳನ್ನು ಪುಸ್ತಕಗಳಂತೆ ಒಂದಕ್ಕೊಂದು ತಾಗಿಸಿ ಇಟ್ಟರೆ ಉಜ್ಜಿ ಗೀರು ಬೀಳುತ್ತದೆ. ಅದಕ್ಕಾಗಿ ಪೆಟ್ಟಿಗೆಯ ಒಳಮೈಯಲ್ಲಿ ಎರಡು ಕಡೆಗೂ ಸಾಲುಸಾಲಾಗಿ ಗಾಡಿ ಕೊರೆದಿರುತ್ತಿದ್ದರು. ಒಂದೊಂದು ಗಾಡಿಯಲ್ಲಿ ಒಂದೊಂದು ಫಲಕ ಅಂಚಿನ ಮೇಲೆ ನಿಂತಿರಬೇಕು. ಸೀಸೆಗಳಿಗೆ ಅಳತೆಗೆ ಸರಿಯಾದ ಗೂಡುಗಳಿದ್ದು, ಬಿರಟೆಗಳು ಸಡಿಲದಂತೆ ಬಿಗಿದು ಕಟ್ಟಿರಬೇಕು. ಈಥರ್ ಎಂಬುದು ಕಿಡಿ ತಾಕಿದರೆ ಭಗ್ಗೆಂದು ಉರಿಯುವ ದ್ರವ. ಆಮ್ಲವು ಚೆಲ್ಲಿದರೆ ಪೆಟ್ಟಿಗೆಯನ್ನೂ ಸುಡುತ್ತದೆ, ಹೊತ್ತವನ ಬೆನ್ನನ್ನೂ ಸುಡುತ್ತದೆ. ಕ್ಯಾಮರಾದ ಕಷ್ಟ ಬೇರೆಯ ಬಗೆಯದು. ಮರವು ನಮ್ಮ ದೇಶದ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಸಂದು ಬಿಡುತ್ತದೆ. ಕೂದಲೆಳೆಯಷ್ಟು ಸಂದು ಬಿಟ್ಟರೂ ಬೆಳಕು ನುಸುಳಿ ಚಿತ್ರ ಕೆಡುತ್ತದೆ. ಆದುದರಿಂದಲೇ ಇಂಗ್ಲೆಂಡಿನ ತಯಾರಕರು ಉಷ್ಣದೇಶಗಳಿಗೆ ಕಳುಹಿಸುವ ಕ್ಯಾಮರಾಗಳ ಮೂಲೆಮೂಲೆಗಳಿಗೆ ಹಿತ್ತಾಳೆಯ ಪಟ್ಟಿ ಬಿಗಿಯುತ್ತಿದ್ದರು. ಇಂದಿಗೂ ಹಳೆಯ ಕ್ಯಾಮರಾಗಳನ್ನು ಇಟ್ಟುಕೊಂಡಿರುವವರು ಅವುಗಳ ಚರ್ಮದ ತಿದಿಗೆ ಬೂಷ್ಟು ಹಿಡಿಯದಂತೆ ಆಗಾಗ ಪೆಟ್ಟಿಗೆ ತೆರೆದು ಗಾಳಿಯಾಡಿಸುತ್ತಾರೆ. ಪೆಟ್ಟಿಗೆಯು ಪೆಟ್ಟಿನಿಂದ ಕಾಯುವಂತೆಯೇ ತೇವವನ್ನು ಒಳಗೆ ಹಿಡಿದಿಟ್ಟು ಕೆಡಿಸಲೂ ಬಲ್ಲದು.

1863ರ ಜುಲೈ 29ರಂದು ಬೋರ್ನನು ಸುಮಾರು ಮೂವತ್ತು ಮಂದಿ ಹೊರೆಯಾಳುಗಳೊಡನೆ ಶಿಮ್ಲಾದಿಂದ ಮೊದಲನೆಯ ಯಾತ್ರೆಗೆ ಹೊರಟನು. ಸತ್ಲಜ್ ನದಿಯ ಕಣಿವೆಯನ್ನು ಹಿಡಿದು ಸ್ಪಿತಿಯ ಸೀಮೆಯವರೆಗೆ ಹೋಗಿ ಅಕ್ಟೋಬರ್ 12ರಂದು ಹಿಂತಿರುಗಿದನು. ಹತ್ತು ವಾರಗಳಲ್ಲಿ 147 ನೆಗೆಟಿವುಗಳಾದವು. ದಿನಕ್ಕೆ ಎರಡು ಚಿತ್ರವೆಂದರೆ ಇಂದಿನವರಿಗೆ ನಗು ಬರಬಹುದು. ಆದರೆ ಒಂದೊಂದಕ್ಕೂ ಗುಡಾರ ನೆಟ್ಟು, ನೀರು ತರಿಸಿ, ಮೋಡ ಸರಿಯುವ ತನಕ ಕಾಯ್ದು ಕುಳಿತಿರಬೇಕಾಗಿತ್ತೆಂಬುದನ್ನು ಮರೆಯಬಾರದು. ಒಂದು ವಿಚಿತ್ರವೇನೆಂದರೆ, ಹಿಮಾಲಯವು ಮೊದಲು ಅವನ ಮನಸ್ಸಿಗೆ ಅಷ್ಟಾಗಿ ಒಪ್ಪಲಿಲ್ಲ. ಪರ್ವತಗಳು ಅತಿ ದೊಡ್ಡವು, ಸರೋವರಗಳಿಲ್ಲ, ಇಂಗ್ಲೆಂಡಿನ ಹಾಗೆ ಅಂದವಾದ ಮರಗಳ ಗುಂಪುಗಳಿಲ್ಲ ಎಂದು ಅವನು ಕೊರಗಿದ್ದಾನೆ. ಕೊಡದಲ್ಲಿ ಸಮುದ್ರ ಹಿಡಿಯಲಾರದವನು ಸಮುದ್ರದ ಮೇಲೆ ಸಿಟ್ಟಾದಂತೆ ಇದು ನಮಗೆ ತೋರುತ್ತದೆ. ಕ್ರಮೇಣ ಅವನ ಕಣ್ಣು ಪಳಗಿತು.

ಈ ಯಾತ್ರೆಯ ಒಂದು ಸಂಗತಿಯನ್ನು ಬರೆಯಬೇಕೋ ಬಿಡಬೇಕೋ ಎಂದು ನಾವು ಬಹಳ ಯೋಚಿಸಿದೆವು. ಸಾಮಾನ್ಯವಾಗಿ ಇಂಥ ಜೀವನಚರಿತ್ರೆಗಳಲ್ಲಿ ಮಹಾಪುರುಷನ ಧೈರ್ಯವನ್ನೂ ಶ್ರಮವನ್ನೂ ಹೊಗಳಿ ಮುಗಿಸುವುದು ವಾಡಿಕೆ. ಆದರೆ ಬೋರ್ನನು ತಾನೇ ಇಂಗ್ಲೆಂಡಿನ ಛಾಯಾಗ್ರಹಣ ಪತ್ರಿಕೆಯೊಂದರಲ್ಲಿ ಬರೆದು ಪ್ರಕಟಿಸಿದುದನ್ನು ನಾವು ಮುಚ್ಚಿಡುವುದು ಸರಿಯಲ್ಲ. ದಾರಿಯಲ್ಲಿ ಕೆಲವು ಹೊರೆಯಾಳುಗಳು ಹೊರೆಗಳನ್ನು ಕೆಳಗಿಟ್ಟು ತಪ್ಪಿಸಿಕೊಂಡು ಹೋದರು. ಬೋರ್ನನು ದಪ್ಪನೆಯ ಒಂದು ಕೋಲನ್ನು ಹಿಡಿದು ಹುಡುಕಿಕೊಂಡು ಹೊರಟನು. ಹಳ್ಳಿಯ ಮನೆಗಳಲ್ಲಿ ಅಡಗಿದ್ದವರನ್ನು ಎಳೆಸಿ, ಹೊಡೆದು, ಮತ್ತೆ ಹೊರೆ ಹೊರಿಸಿದನು. ಇದನ್ನು ಬರೆಯುವಾಗ ಅವನಿಗೆ ನಾಚಿಕೆಯಾದಂತೆ ಕಾಣುವುದಿಲ್ಲ. ಓದುಗರು ಮೆಚ್ಚುತ್ತಾರೆಂದೇ ಅವನು ನಂಬಿದ್ದನು.

ಆ ಜನ ಓಡಿಹೋದುದು ಏತಕ್ಕೆ? ಅವರು ವೃತ್ತಿಯಿಂದ ಹೊರೆಯಾಳುಗಳಲ್ಲ, ಬೆಟ್ಟದ ರೈತರು. ಸಾಹೇಬರು ಯಾರಾದರೂ ಬಂದರೆ ಊರಿನ ಮುಖಂಡನು ಇಷ್ಟು ಮಂದಿ ಆಳುಗಳನ್ನು ಒದಗಿಸತಕ್ಕುದೆಂದು ಅಪ್ಪಣೆಯಿರುತ್ತಿತ್ತು. ಇದಕ್ಕೆ ಆ ಸೀಮೆಯಲ್ಲಿ ಬೇಗಾರ್ ಎಂದು ಹೆಸರು; ನಮ್ಮ ಕಡೆ ಬಿಟ್ಟಿ ಎನ್ನುತ್ತಿದ್ದುದೂ ಇದರ ನಂಟೇ. ಕೂಲಿ ಕೊಟ್ಟರೂ ಕೊಡದಿದ್ದರೂ ಬರುವುದು ಬಿಡುವುದು ಆಳಿನ ಇಚ್ಛೆಯಾಗಿರಲಿಲ್ಲ. ಹೊಲದಲ್ಲಿ ಪೈರು ನಿಂತಿರುವಾಗ, ಗುರುತಿಲ್ಲದ ಕಣಿವೆಗಳ ಕಡೆಗೆ, ಪರದೇಶಿಯ ಗಾಜನ್ನು ಹೊತ್ತು, ಎಂದು ಹಿಂತಿರುಗುವೆವೋ ಎಂದು ತಿಳಿಯದೆ ಹೋಗಬೇಕಾಗಿದ್ದ ಅವರ ಮನಸ್ಸನ್ನು ಸ್ವಲ್ಪ ಆಲೋಚಿಸಿರಿ. ನಿಮ್ಮಲ್ಲಿ ಕೆಲವರ ತಂದೆತಾಯಿಗಳು ವಿಜಯಪುರ, ಕಲಬುರ್ಗಿಗಳ ಕಡೆಯಿಂದ ಬಂದು ಈ ಪುಣೆಯ ಕಟ್ಟಡಗಳಿಗೆ ಇಟ್ಟಿಗೆ ಗಾರೆ ಹೊತ್ತವರು. ಹೊರೆಯ ಅರ್ಥವನ್ನು ನಿಮಗೆ ನಾವು ಹೇಳಿಕೊಡಬೇಕಾಗಿಲ್ಲ. ಶಿಮ್ಲಾದ ಬೆಟ್ಟಗಳಲ್ಲಿ ಈ ಬೇಗಾರಿನ ಪದ್ಧತಿಯ ವಿರುದ್ಧ ಕೋಟಗಢದ ಸ್ಯಾಮ್ಯುಅಲ್ ಸ್ಟೋಕ್ಸರು ಜನರನ್ನು ಕೂಡಿಸಿ ಹೋರಾಡಿದುದು 1921ರ ಸುಮಾರಿಗೆ, ಎಂದರೆ ಬೋರ್ನನ ಯಾತ್ರೆಯಾಗಿ ಐವತ್ತೆಂಟು ವರ್ಷಗಳು ಕಳೆದ ಮೇಲೆ.

ಹಾಗೆಂದು ಬೋರ್ನನನ್ನು ಬರಿಯ ಕಟುಕನೆಂದು ತಳ್ಳಿಬಿಡುವುದೂ ನ್ಯಾಯವಲ್ಲ. ತನ್ನ ಕೆಲಸದಲ್ಲಿ ಅವನು ತನ್ನನ್ನೂ ದಂಡಿಸಿಕೊಂಡನು. 1864ರ ಮಾರ್ಚ್ 17ರಂದು ಎರಡನೆಯ ಯಾತ್ರೆಗೆ ಹೊರಟವನು ಕಾಂಗ್ರಾ ಕಣಿವೆ, ಬೈಜನಾಥ, ಚಂಬಾಗಳನ್ನು ನೋಡಿಕೊಂಡು ಕಾಶ್ಮೀರಕ್ಕೆ ಹೋಗಿ, ಕ್ರಿಸ್ಮಸ್ಸಿನ ಹಿಂದಿನ ದಿನ ಲಕ್ನೋ ನಗರವನ್ನು ತಲಪಿದನು. ಒಂಬತ್ತು ತಿಂಗಳು. ಈ ಸಲ ಹೊರೆಯಾಳುಗಳು ನಾಲ್ವತ್ತಕ್ಕೂ ಮಿಕ್ಕಿದ್ದರು. ಮೇಜು ಕುರ್ಚಿ, ಹಾಸಿಗೆ, ಪುಸ್ತಕ, ಬ್ರಾಂದಿ ಎಲ್ಲವೂ ಜೊತೆಗೆ ನಡೆದುವು. ಆದರೆ ಹೆಚ್ಚಿನ ಹೊರೆ ಚಿತ್ರದ ಸಾಮಗ್ರಿಯದೇ. ಕಾಶ್ಮೀರವು ಅವನ ಮನಸ್ಸನ್ನು ಸೆರೆಹಿಡಿಯಿತು. ಅವನು ಬಯಸುತ್ತಿದ್ದ ನೀರು, ನೀರಿನಲ್ಲಿ ನೆರಳು, ಸಾಲುಮರಗಳು, ಹಿಂದೆ ಹಿಮದ ಗೆರೆ, ಎಲ್ಲವೂ ಅಲ್ಲಿದ್ದುವು. ಐನೂರಕ್ಕೂ ಹೆಚ್ಚು ನೆಗೆಟಿವುಗಳನ್ನು ತಂದನು.

ಇಲ್ಲಿ ಒಂದು ಮಾತನ್ನು ಗಮನಿಸಿರಿ. ಹೋಗುವಾಗಲೂ ಬರುವಾಗಲೂ ಗಾಜಿನ ತೂಕ ಒಂದೇ. ಆದರೆ ಹೋಗುವಾಗ ಹೊರೆಯಾಳು ಎಡವಿದರೆ ಒಡೆಯುವುದು ಬರಿಯ ಗಾಜು. ಶಿಮ್ಲಾದಿಂದ ಬೇರೆ ತರಿಸಿಕೊಳ್ಳಬಹುದು. ಬರುವಾಗ ಎಡವಿದರೆ ಎರಡು ತಿಂಗಳು ಕಾಯ್ದು ಪಡೆದ ಬೆಳಗೊಂದು ಚೂರಾಗುತ್ತದೆ, ಅದು ಮತ್ತೆ ದೊರೆಯುವುದಿಲ್ಲ. ಗಾಜಿನ ಮೇಲಿನ ಪೊರೆಯೋ ಈರುಳ್ಳಿಯ ಸಿಪ್ಪೆಗಿಂತ ತೆಳುವಾದುದು. ವಾರ್ನಿಷ್ ಒಣಗಿದ ಮೇಲೆ ಮತ್ತೆ ಅದೇ ಗಾಡಿಗಳಲ್ಲಿ ಇಳಿಸಿ, ಮುಚ್ಚಳ ಬಿಗಿದು, ಅವೇ ಬೆನ್ನುಗಳ ಮೇಲೆ ಏರಿಸಬೇಕು. ತೊಗಲಿನ ಹಗ್ಗಗಳ ಜೂಲಾ ಸೇತುವೆಗಳು, ಒಬ್ಬನಿಗೆ ಮಾತ್ರ ಕಾಲಿಡಲು ಎಡೆಯಿರುವ ಬಂಡೆಯ ಅಂಚುಗಳು, ಮಂಜು ಕರಗಿ ಉಕ್ಕುವ ಹಳ್ಳಗಳು ಇವೆಲ್ಲ ಆ ಸೀಮೆಯ ದಾರಿಯ ನಿತ್ಯದ ಸಂಗತಿಗಳು. ಇವುಗಳನ್ನು ದಾಟಿ ನೂರಾರು ಫಲಕಗಳು ಕ್ಷೇಮವಾಗಿ ಅಂಗಡಿಗೆ ತಲಪಿದುವೆಂದರೆ ಅದು ಪೆಟ್ಟಿಗೆ ಮಾಡಿದ ಬಡಗಿಯ ಗುಣವೂ ಹೌದು, ಹೊತ್ತವನ ಹೆಜ್ಜೆಯ ಗುಣವೂ ಹೌದು. ನಮಗಂತೂ ಎರಡನೆಯದೇ ದೊಡ್ಡದಾಗಿ ಕಾಣುತ್ತದೆ. ಹೋದ ವರ್ಷ ಸಿಂಹಗಡಕ್ಕೆ ಪ್ರವಾಸ ಹೋದಾಗ ನೀರಿನ ಸೀಸೆಗಳ ಚೀಲವನ್ನು ಯಾರು ಹೊರಬೇಕೆಂದು ಎಂಟನೆಯ ತರಗತಿಯಲ್ಲಿ ಎಷ್ಟು ಜಗಳವಾಯಿತೆಂಬುದು ನಮಗೆ ನೆನಪಿದೆ. ಅದರಲ್ಲಿ ಒಡೆಯುವಂಥದು ಏನೂ ಇರಲಿಲ್ಲ.

ಮೂರನೆಯ ಯಾತ್ರೆಯೇ ಎಲ್ಲಕ್ಕಿಂತ ದೊಡ್ಡದು. 1866ರ ಜುಲೈ 3ರಂದು ಡಾಕ್ಟರ್ ಪ್ಲೇಫೇರ್ ಎಂಬ ವೈದ್ಯನನ್ನು ಜೊತೆಗೂಡಿಸಿಕೊಂಡು ಬೋರ್ನನು ಹೊರಟನು. ಕುಲೂ, ಲಾಹೋಲ್, ಸ್ಪಿತಿಗಳನ್ನು ದಾಟಿ ಮಣಿರಂಗ್ ಎಂಬ ಕಣಿವೆಮಾರ್ಗದ ನೆತ್ತಿಯನ್ನು ಏರಬೇಕೆಂಬುದು ಅವನ ಹಂಬಲ. ಅವನು ಬರೆದಿಟ್ಟ ಲೆಕ್ಕದಂತೆ ಅದರ ಎತ್ತರ 18,600 ಅಡಿ. ನಾವು ಏದುಸಿರು ಬಿಡುತ್ತ ಏರಿದ ಸಿಂಹಗಡದಂಥ ನಾಲ್ಕು ಗಡಗಳನ್ನು ಒಂದರ ಮೇಲೊಂದು ಪೇರಿಸಿದರೂ ಅಷ್ಟಾಗುವುದಿಲ್ಲ. ಅಂಥ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರದ ದಡದಲ್ಲಿರುವುದರ ಅರ್ಧದಷ್ಟು ಮಾತ್ರ. ಬರಿಗೈಯಲ್ಲಿ ನಡೆಯುವವನಿಗೂ ನಾಲ್ಕು ಹೆಜ್ಜೆಗೊಮ್ಮೆ ನಿಲ್ಲಬೇಕಾಗುತ್ತದೆ. ಅಲ್ಲಿಗೆ ಕ್ಯಾಮರಾ, ಗಾಜು, ಗುಡಾರ, ದ್ರಾವಣಗಳೆಲ್ಲ ಏರಿದುವು. ಬೋರ್ನನು ಆ ಹಿಮದ ಮೇಲೆಯೇ ಗುಡಾರ ನೆಟ್ಟು, ಕೊರೆಯುವ ಚಳಿಯಲ್ಲಿ ಬೆರಳು ಸೆಡೆಯುತ್ತಿರುವಾಗ ಕೊಲೋಡಿಯನ್ ಸುರಿದು, ಕೆಲವೇ ಕೆಲವು ನೆಗೆಟಿವುಗಳನ್ನು ತೆಗೆದನು. ಅಷ್ಟು ಎತ್ತರದಲ್ಲಿ ಅದಕ್ಕೆ ಮೊದಲು ಯಾರೂ ಛಾಯಾಚಿತ್ರ ತೆಗೆದಿರಲಿಲ್ಲ. ಅನಂತರವೂ ಸುಮಾರು ಇಪ್ಪತ್ತು ವರ್ಷ ಆ ಎತ್ತರವನ್ನು ಯಾರೂ ಮೀರಲಿಲ್ಲ. ಅಲ್ಲಿಂದ ಇಳಿದು ಅವನು ಗಂಗೋತ್ರಿಗೂ, ಹಿಮನದಿಯ ಬಾಯಿಂದ ಭಾಗೀರಥಿಯು ಹೊರಬೀಳುವ ಗೋಮುಖಕ್ಕೂ ಹೋಗಿ ಚಿತ್ರ ತೆಗೆದನು. ಆ ಹಿಮನದಿಯು ಅಂದಿನಿಂದ ಬಹಳ ಹಿಂದಕ್ಕೆ ಸರಿದಿದೆ. ಹೀಗಾಗಿ ಮಾರಾಟಕ್ಕೆಂದು ತೆಗೆದ ಚಿತ್ರವು ಇಂದು ಅಂದಿನ ಹಿಮದ ಸಾಕ್ಷಿಯೂ ಆಗಿದೆ.

1867ರಲ್ಲಿ ಇಂಗ್ಲೆಂಡಿಗೆ ಹೋಗಿ ಮೇರಿ ಟಾಲಿ ಎಂಬಾಕೆಯನ್ನು ಮದುವೆಯಾಗಿ ಮರಳಿದ ಬೋರ್ನನು ಮತ್ತೆ ಹಿಮಾಲಯದ ದೊಡ್ಡ ಯಾತ್ರೆಗಳಿಗೆ ಕೈಹಾಕಲಿಲ್ಲ. ಬಯಲುಸೀಮೆಯ ನಗರಗಳನ್ನೂ, ದಕ್ಷಿಣಕ್ಕೆ ಬಂದು ನಮ್ಮ ಮೈಸೂರು ಸೀಮೆಯ ನೆರೆಯಲ್ಲಿರುವ ನೀಲಗಿರಿಯ ಉದಕಮಂಡಲವನ್ನೂ ಚಿತ್ರಿಸಿದನು. 1870ರ ಕೊನೆಯ ಹೊತ್ತಿಗೆ ಈ ದೇಶವನ್ನು ಬಿಟ್ಟನು. ಏಳೆಂಟು ವರ್ಷಗಳಲ್ಲಿ ಅವನು ತೆಗೆದ ನೆಗೆಟಿವುಗಳು ಎರಡು ಸಾವಿರಕ್ಕೂ ಹೆಚ್ಚು. ವಿಧಿಯ ವಿನೋದವನ್ನು ನೋಡಿರಿ: ಅವನು ಹೋದ ಮರುವರ್ಷವೇ, 1871ರಲ್ಲಿ, ಇಂಗ್ಲೆಂಡಿನ ಮ್ಯಾಡಾಕ್ಸ್ ಎಂಬ ವೈದ್ಯನು ಒಣಫಲಕದ ದಾರಿಯನ್ನು ತೋರಿಸಿದನು. ಹತ್ತು ವರ್ಷಗಳೊಳಗಾಗಿ ಸಿದ್ಧಪಡಿಸಿದ ಒಣಫಲಕಗಳು ಅಂಗಡಿಗಳಲ್ಲಿ ದೊರೆಯಲಾರಂಭಿಸಿದವು. ಆ ಮೇಲೆ ಬೆಟ್ಟಕ್ಕೆ ಗುಡಾರವೂ ಬೇಡ, ಬೆಳ್ಳಿಯ ತೊಟ್ಟಿಯೂ ಬೇಡ, ಈಥರಿನ ಸೀಸೆಯೂ ಬೇಡ. ಬೋರ್ನನ ಹೊರೆಯಲ್ಲಿ ಅರ್ಧಕ್ಕಿಂತ ಹೆಚ್ಚು ಇಳಿದುಹೋಗುತ್ತಿತ್ತು.

ನಾಟಿಂಗ್‌ಹ್ಯಾಮಿನಲ್ಲಿ ಅವನು ಹೆಂಡತಿಯ ಅಣ್ಣತಮ್ಮಂದಿರ ಪೈಕಿ ಒಬ್ಬನೊಡನೆ ಹತ್ತಿಯ ನೂಲಿನ ಉದ್ಯಮವನ್ನು ನಡೆಸಿ ಐಶ್ವರ್ಯವಂತನಾದನು. ನಗರದಲ್ಲಿ ನ್ಯಾಯಾಧಿಪತಿಯ ಗೌರವವನ್ನೂ ಪಡೆದನು. ಕ್ಯಾಮರಾವನ್ನು ಪೂರ್ತಿ ಮರೆಯಲಿಲ್ಲವಾದರೂ ಮುಪ್ಪಿನಲ್ಲಿ ಅವನ ಪ್ರೀತಿ ಜಲವರ್ಣದ ಕಡೆಗೆ ಹೊರಳಿತು. ಕುಂಚ, ಕಾಗದ, ಒಂದು ಬಟ್ಟಲು ನೀರು. ಹೊರಲು ಬೇರೆಯವರು ಬೇಕಿಲ್ಲದ ಕಲೆಯದು. 1912ರ ಏಪ್ರಿಲ್ 24ರಂದು ಅವನು ತೀರಿಕೊಂಡನು.

ಅವನ ಹೆಸರಿನ ಸಂಸ್ಥೆಯು ಕಲಕತ್ತೆಯಲ್ಲಿ ಬಹುಕಾಲ ನಡೆಯಿತು. 1911ರ ದಿಲ್ಲಿ ದರ್ಬಾರಿನ ಚಿತ್ರಗಳನ್ನು ತೆಗೆದವರೂ ಅವರೇ. 1991ರಲ್ಲಿ ಅಲ್ಲಿಯ ಕಟ್ಟಡಕ್ಕೆ ಬೆಂಕಿ ಬಿದ್ದು ಹಳೆಯ ಸಂಗ್ರಹದ ಬಹುಭಾಗ ಸುಟ್ಟುಹೋಯಿತು. 2016ರಲ್ಲಿ ಅಂಗಡಿಯ ಬಾಗಿಲು ಮುಚ್ಚಿತು. ಆದರೆ ಅಂದು ಕಾಗದದ ಮೇಲೆ ಇಳಿಸಿ ಮಾರಿದ ಪ್ರತಿಗಳು ಲೋಕದಲ್ಲೆಲ್ಲ ಹರಡಿವೆ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿಯೂ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿಯೂ ಅವು ತಂಪಾದ, ಬೆಳಕು ಹೆಚ್ಚಾಗಿ ತಾಕದ ಕೋಣೆಗಳಲ್ಲಿ ಮತ್ತೆ ಪೆಟ್ಟಿಗೆಗಳೊಳಗೇ ಮಲಗಿವೆ.

ಅಂಥ ಒಂದು ಚಿತ್ರದ ಪ್ರತಿಯು ಎಂದಾದರೂ ನಿಮ್ಮ ಕಣ್ಣಿಗೆ ಬಿದ್ದರೆ ಅದರ ಕೆಳಗಿನ ಮೂಲೆಯನ್ನು ನೋಡಿರಿ. ಬೋರ್ನ್ ಎಂಬ ಹೆಸರೂ ಒಂದು ಸಂಖ್ಯೆಯೂ ಗಾಜಿನ ಮೇಲೆ ಗೀರಿ ಬರೆದಂತೆ ಕಾಣುತ್ತವೆ. ಅನಂತರ ಚಿತ್ರದ ನಡುವೆ, ಬಂಡೆಗಳ ಪಕ್ಕದಲ್ಲಿಯೋ ಹಿಮದ ಮೇಲೆಯೋ, ಕಡ್ಡಿಯ ಗಾತ್ರದ ಮನುಷ್ಯರನ್ನು ಹುಡುಕಿರಿ. ಪರ್ವತದ ಎತ್ತರ ತಿಳಿಯಲೆಂದು ಬೋರ್ನನು ಅಲ್ಲಲ್ಲಿ ಅವರನ್ನು ನಿಲ್ಲಿಸುತ್ತಿದ್ದನು. ಫಲಕವು ಬೆಳಕನ್ನು ಹೀರುವ ಅಷ್ಟು ಸೆಕೆಂಡುಗಳ ಕಾಲ ಅಲುಗಾಡಬಾರದೆಂದು ಅವರಿಗೆ ಹೇಳಿತ್ತು. ಅವರು ಅಲುಗಾಡಿಲ್ಲ, ಅವರ ಕಂಬಳಿಗಳ ಮಡಿಕೆಗಳು ಕೂಡ ಈಗಲೂ ಸ್ಪಷ್ಟವಾಗಿವೆ.